ಕಾಜಾಳಿಗೊಂದು ತಗಡು ಕತ್ತರಿ

ಜೂನ್ ೩, ಸೋಮವಾರ

ಈ ದಿನ ಯಜಮಾನಿಯವರು ನನ್ನನ್ನು ಕಚೇರಿಗೆ ಕರೆಸಿ ಒಂದು ಜವಾಬ್ದಾರಿಯನ್ನು ವಹಿಸಿದರು. ಜವಾಬ್ದಾರಿ ಎಂಬುದು ಅವರ ಮಾತು. ನನ್ನ ಪಾಲಿಗೆ ಅದು ಸಂಭ್ರಮ.

ಬಸ್ ನಿಲ್ದಾಣದ ಎದುರು ಹೊಸದೊಂದು ಬೇಕರಿ ತೆರೆಯಲಿದೆ. ಅದರ ಒಲೆಯ ಮೇಲೆ ಕೂರಿಸುವ ಹೊಗೆಗೂಡು ನಮ್ಮ ಕಾರ್ಯಾಗಾರದಿಂದ ಹೋಗಬೇಕಾಗಿದೆ. ಮುಂಭಾಗಕ್ಕೆ ಹೊಳಪಿನ ಸ್ಟೀಲ್ ತಗಡು, ಅದರ ಕೆಳಗಂಚು ಕಮಾನಿನಂತೆ ಬಾಗಿರಬೇಕು. ಅಂಥ ತಗಡು ನಮ್ಮಲ್ಲಿರುವುದು ಒಂದೇ ಒಂದು. ಕೆಟ್ಟರೆ ಮತ್ತೊಂದು ಬರುವ ಹೊತ್ತಿಗೆ ಬೇಕರಿಯವನು ಬೇರೆಯವರ ಬಾಗಿಲು ತಟ್ಟಿರುತ್ತಾನೆ.

"ಮುಂಭಾಗ ಆ ಹುಡುಗೀನೇ ಕತ್ತರಿಸ್ಲಿ ಮೇಷ್ಟ್ರೇ," ಎಂದರು ಯಜಮಾನಿ. "ಅವಳಿಗೆ ಯಾವ ಕತ್ತರಿ ಬೇಕು, ಯಾವ ಯಂತ್ರ ಬೇಕು, ಎಲ್ಲಾ ನೀವೇ ಆರಿಸಿಕೊಡಿ. ಕಮಾನು ಸರಿಯಾಗಿ ಬಂದ್ರೆ ಕಿಟಕಿ ಪಕ್ಕದ ಬೆಂಚು ಅವಳದು, ಕೆಲಸ ಕಾಯಂ. ಬರ್ಲಿಲ್ಲ ಅಂದ್ರೆ ಅಣ್ಣನ ಅಂಗಡಿಗೆ ವಾಪಸ್. ಈಗ್ಲೇ ಹೇಳಿದ್ದೀನಿ, ಆಮೇಲೆ ನನ್ನೆದುರು ಬಂದು ಗಂಟಲು ಕಟ್ಟಿಸಿಕೊಂಡು ನಿಲ್ಲಬಾರ್ದು."

ನಾನು ಎಂದೂ ಗಂಟಲು ಕಟ್ಟಿಸಿಕೊಂಡವನಲ್ಲ. ಹೋದ ವರ್ಷ ಒಬ್ಬ ಹುಡುಗನನ್ನು ಕಳುಹಿಸುವಾಗ ಇದ್ದದ್ದು ನೆಗಡಿ.

ಹುಡುಗಿ ಎಂದರೆ ನಮ್ಮ ಕಾಜಾ. ಅಣ್ಣನ ದರ್ಜಿ ಅಂಗಡಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಅಂಗಿಗಳಿಗೆ ಕಾಜಾ ಹೊಲಿದು ಬೇಸತ್ತು ನಮ್ಮಲ್ಲಿಗೆ ಬಂದವಳು. ಬಂದ ದಿನವೇ ಹೆಸರು ಹೋಗಿ ಕಾಜಾ ಉಳಿಯಿತು. ಅಲ್ಲಿ ಅವಳಿಗೆ ಕತ್ತರಿ ಮುಟ್ಟಲು ಬಿಡುತ್ತಿರಲಿಲ್ಲವಂತೆ. ಅವಳು ಕತ್ತರಿಸಿದ ಬಟ್ಟೆ ಸೊಟ್ಟಗಾಗುತ್ತದೆಂದು ಅಣ್ಣನ ದೂರು. ನಮ್ಮಲ್ಲಿ ಅರ ಹಾಕುವುದನ್ನು, ಮಡಿಸುವುದನ್ನು, ಬೆಸುಗೆಯನ್ನು ಸೊಗಸಾಗಿ ಕಲಿತಿದ್ದಾಳೆ. ಮರದ ಕೊಡತಿಯನ್ನಂತೂ ಯಾವ ಕೈಗೆ ಸಿಕ್ಕರೆ ಆ ಕೈಯಲ್ಲಿ ಬೀಸುತ್ತಾಳೆ, ಅಂಥ ಚುರುಕು. ಕತ್ತರಿಯನ್ನು ಮಾತ್ರ ನಾನು ಶಿಷ್ಯರಿಗೆ ಕಟ್ಟಕಡೆಗೆ ಕೊಡುವುದು.

ಸಂಜೆ ನನ್ನದೇ ಕತ್ತರಿಯನ್ನು ಅವಳ ಮುಂದೆ ಹಿಡಿದೆ. ಆತುರದಲ್ಲಿ ಎಡಗೈ ಚಾಚಿದಳು. "ಬಲಗೈಲಿ ತಗೋ ಮಗು, ವಿದ್ಯೆ ಕೊಡ್ತಿದ್ದೀನಿ, ಕಡ್ಲೆಕಾಯಲ್ಲ," ಎಂದು ನಗುತ್ತ ತಿದ್ದಿದೆ. ಕೆಂಪಾಗಿ ತಟ್ಟನೆ ಕೈ ಬದಲಾಯಿಸಿದಳು. ಅವಳ ದೊಡ್ಡ ಗುಣವೇ ಅದು: ಒಂದು ಮಾತನ್ನು ಎರಡನೆಯ ಸಲ ಹೇಳಿಸಿಕೊಳ್ಳುವವಳಲ್ಲ.

ಜೂನ್ ೪, ಮಂಗಳವಾರ

ಇಡೀ ದಿನ ಉಪಕರಣಗಳ ಪರೀಕ್ಷೆ. ಪಂಡಿತನೂ ಸೇರಿಕೊಂಡ. ಇವನು ನನ್ನ ಇನ್ನೊಬ್ಬ ಶಿಷ್ಯ. ಲೋಕದಲ್ಲಿರುವ ಸಕಲ ಯಂತ್ರಗಳನ್ನು ಫೋನಿನ ಪರದೆಯಲ್ಲಿ ಓಡಿಸಿ ಬಲ್ಲವನು, ಕೈಯಲ್ಲಿ ಇನ್ನೂ ಓಡಿಸದವನು.

"ಗ್ರೈಂಡರ್ ಹಾಕಿ ಮೇಷ್ಟ್ರೇ. ಚರ್ ಅಂತ ಎರಡು ನಿಮಿಷ!"

ಹಳೆಯ ತುಂಡಿನ ಮೇಲೆ ಹಾಕಿಸಿದೆ. ಚರ್ ಎಂದದ್ದು ನಿಜ. ತೆಳು ತಗಡು ಕಾದು ನಡುಗಿ ಅಂಚೆಲ್ಲ ನೀಲಿಗಟ್ಟಿತು, ಕಿಡಿ ಹಾರಿ ಹೊಳಪಿನ ಮೇಲೆ ಸಿಡುಬಿನ ಕಲೆಗಳೆದ್ದವು. "ಎರಡು ನಿಮಿಷದ ಕೆಲಸ, ಎರಡು ದಿನದ ಪಾಲಿಶ್," ಎಂದೆ. ಪಂಡಿತ ಹೆದರಲಿಲ್ಲ. "ಹಾಗಾದ್ರೆ ನಿಬ್ಲರ್." ಅದು ಇಲಿಯ ಹಾಗೆ ತಗಡನ್ನು ಕಡಿದು ಕಡಿದು ದಾರಿ ಮಾಡುವ ಯಂತ್ರ, ಅಂಚು ಡೊಂಕಾಗುವುದಿಲ್ಲ, ಆದರೆ ದಾರಿಯಗಲಕ್ಕೆ ಗೆರೆಯನ್ನೇ ತಿಂದುಹಾಕುತ್ತದೆ. ಪಕ್ಕಕ್ಕೆ ಸರಿದು ನಡೆಸಲು ಪಳಗಿದ ಕೈ ಬೇಕು. ಮೂಲೆಯಲ್ಲಿರುವ, ಹಿಡಿ ಎಳೆದು ಕತ್ತರಿಸುವ ಯಂತ್ರ ನೇರ ಗೆರೆಗೆ ರಾಜ, ಕಮಾನಿಗೆ ಭಿಕಾರಿ.

ಆದ್ದರಿಂದ ಕೈಕತ್ತರಿಯೇ ಸರಿ. ಅದರಲ್ಲೂ ಮೂರು ಬಗೆ: ಹಳದಿ ಹಿಡಿಯದು ನೇರಕ್ಕೆ, ಕೆಂಪು ಹಿಡಿಯದು ಎಡಕ್ಕೆ ತಿರುಗುವ ಗೆರೆಗೆ, ಹಸಿರು ಹಿಡಿಯದು ಬಲಕ್ಕೆ ತಿರುಗುವ ಗೆರೆಗೆ. ಹಳದಿಯನ್ನೂ ಕೆಂಪನ್ನೂ ಆರಿಸಿದೆ. ಬಲಮೂಲೆಯಿಂದ ಹೊರಟು ಎಡಕ್ಕೆ ಬಾಗುತ್ತ ಹೋದರೆ ಕಮಾನು ತಾನಾಗಿಯೇ ಬರುತ್ತದೆ. ಹಸಿರು ಕತ್ತರಿಯನ್ನು ಹಳೇ ಪೆಟ್ಟಿಗೆಗೆ ಹಾಕಿದೆ. ಇಷ್ಟು ವರ್ಷಗಳಲ್ಲಿ ಅದು ನನ್ನ ಕೈಗೆ ಒಮ್ಮೆಯೂ ಒಗ್ಗಿಲ್ಲ, ಆದ್ದರಿಂದ ಒಳ್ಳೆಯ ಕತ್ತರಿಯಲ್ಲ.

ಕೆಂಪು ಕತ್ತರಿಯಿಂದ ನಾನೇ ಒಂದು ಕಮಾನು ತೆಗೆದು ತೋರಿಸಿದೆ. ನೂಲು ಹಿಡಿದಂತೆ ಬಂತು. "ಹೇಗಿದೆ?" ಎಂದೆ.

"ಚೆನ್ನಾಗಿದೆ ಮೇಷ್ಟ್ರೇ," ಎಂದಳು ಕಾಜಾ.

ಉಪಕರಣಗಳ ಆಯ್ಕೆ ಇಲ್ಲಿಗೆ ಮುಗಿಯಿತು.

ಜೂನ್ ೬, ಗುರುವಾರ

ಮುಗಿದಿಲ್ಲವೆಂದು ತೋರುತ್ತದೆ.

ಎರಡು ದಿನದಿಂದ ಕಾಜಾ ಹಳೆಯ ತಗಡುಗಳ ಮೇಲೆ ಅಭ್ಯಾಸ ಮಾಡುತ್ತಿದ್ದಾಳೆ. ಪ್ರತಿ ಕಚ್ಚಿಗೂ ಕತ್ತರಿಯ ಬಾಯನ್ನು ಪೂರ್ತಿ ಮುಚ್ಚಿಬಿಡುತ್ತಾಳೆ. ಬಟ್ಟೆಯಲ್ಲಿ ಅದು ನಡೆದೀತು; ತಗಡಿನಲ್ಲಿ ಬಾಯಿ ಮುಚ್ಚಿದ ಕಡೆಯೆಲ್ಲ ಒಂದೊಂದು ಮುಳ್ಳು ಏಳುತ್ತದೆ. "ತುದಿ ಕೂಡೋಕೆ ಮುಂಚೆ ಮುಂದಕ್ಕೆ ತಳ್ಳು" ಎಂದೆ. ತಿದ್ದಿಕೊಂಡಳು. ಮುಳ್ಳು ಹೋಯಿತು. ಗೆರೆ ಮಾತ್ರ ದಾರಿತಪ್ಪಿದ ಹಸುವಿನಂತೆ ಅತ್ತಿತ್ತ ಅಲೆಯುವುದು ನಿಲ್ಲಲಿಲ್ಲ. ಕೆಂಪು ಕತ್ತರಿ ಬಿಗಿಯೆನಿಸಿ ಸಡಿಲ ಮಾಡಿದೆ. ಸಡಿಲವೆನಿಸಿ ಬಿಗಿ ಮಾಡಿದೆ. ಹಿಡಿಗೆ ಬಟ್ಟೆ ಸುತ್ತಿದೆ. ದೊಡ್ಡ ಕತ್ತರಿ ತಂದೆ, ಅದಕ್ಕಿಂತ ದೊಡ್ಡದನ್ನೂ ತಂದೆ.

"ಇದು ಹೇಗಿದೆ ಮಗು?"

"ಚೆನ್ನಾಗಿದೆ ಮೇಷ್ಟ್ರೇ."

ಗ್ಲೌಸ್ ಬಿಚ್ಚಿದಾಗ ಅವಳ ಬಲ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. ಪಂಡಿತ ನನ್ನನ್ನೇ ನೋಡುತ್ತ, "ಮೇಷ್ಟ್ರೇ, ಇನ್ನೂ ದೊಡ್ಡ ಕತ್ತರಿ ಬೇಕಾದ್ರೆ ತೋಟದ ಬೇಲಿ ಕತ್ತರಿಸೋದು ಸಿಗುತ್ತೆ," ಎಂದ. ಈ ಹುಡುಗ ಉದ್ಧಾರವಾಗುತ್ತಾನೆ, ಆದರೆ ಅಷ್ಟರೊಳಗೆ ನನ್ನನ್ನು ಮುಗಿಸಿರುತ್ತಾನೆ.

ಜೂನ್ ೭, ಶುಕ್ರವಾರ

ಕಮಾನು ಈ ದಿನವೂ ಹಲ್ಲು ಕಿರಿಯಿತು. ಅವಳಿಗೆ ಧೈರ್ಯವಿರಲೆಂದು ನಾನೂ ಕಿರಿದೆ.

ಜೂನ್ ೧೦, ಸೋಮವಾರ

ವಿಚಿತ್ರ ಪ್ರಸಂಗ. ಹಲ್ಲಿನ ವೈದ್ಯರಲ್ಲಿ ತಡವಾಗಿ ನಾನು ಕಾರ್ಯಾಗಾರ ಸೇರಿದಾಗ ಮಧ್ಯಾಹ್ನದ ಊಟ ಮುಗಿದಿತ್ತು. ಬೆಂಚಿನ ಮೇಲೆ ಒಂದು ಹಳೇ ತಗಡಿನ ತುಂಡು; ಅದರಲ್ಲಿ ಒಂದು ಕಮಾನು. ಬೆರಳಾಡಿಸಿದೆ, ಮುಳ್ಳಿಲ್ಲ, ಅಲೆಯಿಲ್ಲ. ನನ್ನ ಕಮಾನಿಗಿಂತ ಚೆನ್ನಾಗಿತ್ತೆಂದು ಇಲ್ಲಿ ಬರೆಯಬಹುದು, ಯಾರೂ ಓದುವುದಿಲ್ಲ.

"ಇದು ಯಾರದು?"

ಕಾಜಾ ನೆಲ ನೋಡಿದಳು. ಪಂಡಿತ ಪ್ರಶ್ನೆ ಮುಗಿಯುವ ಮೊದಲೇ, "ನಂದು ಮೇಷ್ಟ್ರೇ!" ಎಂದ.

"ಭೇಷ್. ಇನ್ನೊಂದು ತೆಗಿ ನೋಡೋಣ."

ಮುಖ ಸಣ್ಣಗಾಯಿತು. ಆದರೂ ಹಿಂಜರಿಯದೆ ತೆಗೆದ. ನಾಯಿಮರಿ ಕಚ್ಚಿ ಬಿಟ್ಟ ಚಪ್ಪಲಿಯಂತಿತ್ತು.

"ಬೆಳಿಗ್ಗೆ ಕೈ ಚೆನ್ನಾಗಿತ್ತು ಮೇಷ್ಟ್ರೇ," ಎಂದ, ಗಂಭೀರವಾಗಿ.

ಇನ್ನೂ ಒಂದು ಸಂಗತಿ. ಆ ಒಳ್ಳೆಯ ಕಮಾನಿನ ಮೊದಲ ಕಚ್ಚು ಎಡಮೂಲೆಯಲ್ಲಿತ್ತು. ಬಲಮೂಲೆಯಿಂದ ಹೊರಡಬೇಕೆಂದು ನಾನು ಬಾಯಿ ನೋಯುವಷ್ಟು ಹೇಳಿದ್ದೇನೆ. ಶಿಸ್ತಿಲ್ಲದ ಪ್ರತಿಭೆಯಿಂದ ಪ್ರಯೋಜನವಿಲ್ಲವೆಂದು ಪಂಡಿತನಿಗೆ ಉಪದೇಶಿಸಿದೆ. ತಲೆ ತಗ್ಗಿಸಿ ಕೇಳಿದ. ಕಾಜಾಳೂ ತಲೆ ತಗ್ಗಿಸಿದ್ದಳು, ಆದರೆ ಅವಳ ಭುಜ ಕುಲುಕುತ್ತಿತ್ತು. ಕೆಮ್ಮಿರಬೇಕು.

ಜೂನ್ ೧೧, ಮಂಗಳವಾರ

ರಾತ್ರಿಯೆಲ್ಲ ಯೋಚಿಸಿ ಒಂದು ಸಿದ್ಧಾಂತಕ್ಕೆ ಬಂದೆ: ಕಮಾನು ಪಂಡಿತನದಲ್ಲ, ಕಾಜಾಳದೇ. ಬೆಳಗಿನ ಹೊತ್ತು ಕಿಟಕಿಯ ಬೆಳಕು ಓರೆಯಾಗಿ ಬಿದ್ದು ಗೆರೆ ಸ್ಪಷ್ಟವಾಗಿ ಕಾಣುತ್ತದೆ; ತಗಡೂ ತಣ್ಣಗಿರುತ್ತದೆ. ಆದ್ದರಿಂದ ಅವಳಿಗೆ ಬೆಳಗಿನ ಕೆಲಸವೇ ಹಿತ.

ಬಾಗಿಲು ತೆರೆಯುವ ಹೊತ್ತಿಗೇ ಬರಹೇಳಿದೆ. ನಾನೂ ಹೋಗಿ ಪಕ್ಕದಲ್ಲೇ ನಿಂತೆ. ಓರೆ ಬೆಳಕು, ತಣ್ಣನೆಯ ತಗಡು, ಕೆಂಪು ಕತ್ತರಿ, ಎಲ್ಲವೂ ಇದ್ದವು. ಕಮಾನು ಒಂದು ಬಿಟ್ಟು.

ಸಂಜೆ ಮನೆಯಲ್ಲಿ ಇದನ್ನೆಲ್ಲ ವಿವರವಾಗಿ ಹೇಳಿದೆ. ನನ್ನವಳು ಒಲೆಯ ಮುಂದಿದ್ದಳು.

"ನೀವು ಎಲ್ಲಿ ನಿಂತಿದ್ರಿ?" ಎಂದಳು.

"ಅವಳ ಪಕ್ಕದಲ್ಲೇ. ಅಕ್ಕರೆಯಿಂದ."

"ನೀವು ಅಕ್ಕರೆಯಿಂದ ಪಕ್ಕದಲ್ಲಿ ನಿಂತ್ರೆ ನಂಗೇ ಹಾಲು ಉಕ್ಕುತ್ತೆ ರೀ, ಪಾಪ ಆ ಮಗೂಗೆ ಕತ್ತರಿ ಜಾರೋದು ಹೆಚ್ಚಾ?"

ಹೀಗೆಂದವಳೇ ತಿರುಗಿದಳು, ಹಾಲು ಉಕ್ಕಿತ್ತು. ಇಷ್ಟು ವರ್ಷಗಳಾದರೂ ಇವಳಿಗೆ ಒಲೆಯ ಉರಿ ಸಣ್ಣಗಿಡುವುದು ತಿಳಿಯಲಿಲ್ಲ.

ಜೂನ್ ೧೩, ಗುರುವಾರ

ಹಸಿರು ಕತ್ತರಿ ಹಳೇ ಪೆಟ್ಟಿಗೆಯಲ್ಲಿರಲಿಲ್ಲ. ಕಾಜಾಳ ಬೆಂಚಿನ ಕೆಳಗೆ, ಎಣ್ಣೆ ಹಾಕಿಸಿಕೊಂಡು, ಒರೆಸಿಕೊಂಡು, ಬಟ್ಟೆ ಹೊದ್ದು ಮಲಗಿತ್ತು. ಬೇಡದ ವಸ್ತುವಿನ ಮೇಲೂ ಅವಳಿಗೆ ಎಂಥ ಕಾಳಜಿ! ತೆಗೆದು ಮತ್ತೆ ಪೆಟ್ಟಿಗೆಗೆ ಹಾಕಿದೆ.

ಮಧ್ಯಾಹ್ನ ನೋಡುತ್ತೇನೆ, ಮತ್ತೆ ಬೆಂಚಿನ ಕೆಳಗೆ. ಸುಮ್ಮನಾದೆ. ಯಾಕೆ ಸುಮ್ಮನಾದೆನೋ ತಿಳಿಯದು, ನನ್ನ ಸ್ವಭಾವವಲ್ಲ.

ಜೂನ್ ೧೪, ಶುಕ್ರವಾರ

ಕಾಜಾಳ ಅಣ್ಣ ಬಂದಿದ್ದರು. ಕೊರಳಲ್ಲಿ ಅಳತೆಯ ಟೇಪು, ಕಿವಿಯ ಮೇಲೆ ಸೀಮೆಸುಣ್ಣ. ಕೆಟ್ಟ ಮನುಷ್ಯರಲ್ಲ. ಶಾಲೆಯ ಸಮವಸ್ತ್ರಗಳು ರಾಶಿ ಬಿದ್ದಿವೆಯಂತೆ.

"ತಂಗೀನ ಯಾವತ್ತು ಕಳಿಸ್ತೀರಾ ಮೇಷ್ಟ್ರೇ? ಗುಂಡಿ ಕಾಯ್ತಾ ಇವೆ."

"ಸೋಮವಾರ ಹೊಳಪಿನ ತಗಡಿನಲ್ಲಿ ಕಮಾನು ಕತ್ತರಿಸ್ತಾಳೆ, ಆಮೇಲೆ ನೋಡೋಣ."

"ಕತ್ತರಿ? ಅವಳ ಕೈಗಾ?" ನಕ್ಕರು. "ನಿಮ್ಮ ಧೈರ್ಯ ದೊಡ್ಡದು. ಮೊದಲಿಂದ್ಲೂ ಅವಳದೆಲ್ಲಾ ತಿರುಗಾಮುರುಗಾ. ನಮ್ಮ ಅಂಗಡಿ ಕತ್ತರಿ ಹಿಡಿದ್ರೆ ಬಟ್ಟೆ ಮಡಿಚಿಕೊಂಡು ಬಾಯಲ್ಲಿ ಸಿಕ್ಕಿಹಾಕ್ಕೊಳ್ಳೋದು. ಅಪ್ಪ ಎಷ್ಟು ಬೈದ್ರೂ ಬದಲಾಗ್ಲಿಲ್ಲ."

ನನ್ನ ಶಿಷ್ಯೆಯನ್ನು ಹೀಗೆ ಅಂದದ್ದು ನನಗೆ ಸರಿಬರಲಿಲ್ಲ. "ನೀವು ಅಂಗಿ ಹೊಲೀರಿ ಸ್ವಾಮಿ, ಮನುಷ್ಯರನ್ನ ನಾವು ತಯಾರು ಮಾಡ್ತೀವಿ," ಎಂದೆ. ಹೇಳಿದ ಮೇಲೆ ಮಾತು ತುಸು ದೊಡ್ಡದಾಯಿತೆನಿಸಿತು. ಅವರು ಹೋಗುವಾಗ ನನ್ನ ಅಂಗಿಯ ಕಿತ್ತ ಗುಂಡಿಯನ್ನು ತೋರಿಸಿ, "ಇದನ್ನಾದ್ರೂ ಕಳಿಸಿ," ಎಂದರು.

ಕಾಜಾ ದಿನವೆಲ್ಲ ಹಳೇ ತುಂಡುಗಳಿಗೆ ಅರ ಹಾಕುತ್ತ ಕೂತಳು. ಮನೆಗೆ ಹೊರಡುವಾಗ ಬಾಗಿಲಲ್ಲಿ ನಿಂತು ಕೇಳಿದಳು:

"ಮೇಷ್ಟ್ರೇ, ಸೋಮವಾರ ಕತ್ತರಿಸುವಾಗ ನೀವು ಅಲ್ಲೇ ಇರ್ತೀರಾ?"

"ಇರ್ತೀನಿ ಮಗು, ಭಯಪಡಬೇಡ. ಒಂದು ಹೆಜ್ಜೆ ಆಚೆ ಹೋಗಲ್ಲ."

ತಲೆಯಾಡಿಸಿ ಹೋದಳು. ಅಷ್ಟು ಭರವಸೆ ಕೊಟ್ಟರೂ ಮುಖವೇಕೆ ಅರಳಲಿಲ್ಲವೋ.

ಜೂನ್ ೧೬, ಭಾನುವಾರ

ಅಂಗಿಗೆ ಗುಂಡಿ ಹಾಕಿಸಿಕೊಳ್ಳುತ್ತ ಬಾಗಿಲಲ್ಲಿ ನಡೆದ ಮಾತನ್ನು ಮನೆಯಲ್ಲಿ ಹೇಳಿದೆ. ನನ್ನವಳು ದಾರ ಕಚ್ಚಿ ಕಡಿದು, "ಅಂಗೈ ಹುಣ್ಣಿಗೆ ಕನ್ನಡಿ ಹುಡುಕ್ತಿದ್ದೀರಿ," ಎಂದಳಷ್ಟೆ.

ನಿದ್ದೆ ಬರುತ್ತಿಲ್ಲ. ಕಮಾನು ಕೆಟ್ಟರೆ ಅವಳು ಹೋಗುತ್ತಾಳೆ. ಗುಂಡಿಗಳಿಗೆ ಕಾಜಾ ಹೊಲಿಯುತ್ತ ಕೂರುತ್ತಾಳೆ. ಅದು ಕೀಳು ಕೆಲಸವಲ್ಲ, ಆದರೆ ಅವಳು ಬಯಸಿ ಆರಿಸಿಕೊಂಡ ಕೆಲಸವಲ್ಲ. ಬಂದ ಹೊಸತರಲ್ಲಿ ಬೆಸುಗೆ ಹಾಕಿದ ಮೊದಲ ಡಬ್ಬಿಗೆ ನೀರು ತುಂಬಿ, ಎತ್ತಿ ಹಿಡಿದು, "ಸೋರ್ತಿಲ್ಲ ಮೇಷ್ಟ್ರೇ, ನೋಡಿ, ಸೋರ್ತಿಲ್ಲ!" ಎಂದು ಇಡೀ ಕಾರ್ಯಾಗಾರ ಸುತ್ತಿದ್ದಳು.

ಜೂನ್ ೧೭, ಸೋಮವಾರ

ನಡೆದದ್ದನ್ನು ನಡೆದಂತೆಯೇ ಬರೆದಿಡುತ್ತೇನೆ.

ಹೊಳಪಿನ ತಗಡನ್ನು ಮೇಜಿನ ಮೇಲೆ ಹಾಸಿ, ಮೇಲಿನ ಪ್ಲಾಸ್ಟಿಕ್ ಪೊರೆಯ ಮೇಲೆ ಕಮಾನಿನ ಗೆರೆ ಎಳೆದದ್ದಾಯಿತು. ಯಜಮಾನಿ ಕೈಕಟ್ಟಿ ನಿಂತರು. ಪಂಡಿತ ಜೀವನದಲ್ಲಿ ಮೊದಲ ಬಾರಿಗೆ ಫೋನನ್ನು ಜೇಬಿಗೆ ಹಾಕಿದ. ನಾನು ಮಾತಿನಂತೆ ಪಕ್ಕದಲ್ಲೇ ಇದ್ದೆ.

ಕಾಜಾ ಬಲಮೂಲೆಗೆ ಬಂದಳು. ಬಲಗೈಯಲ್ಲಿ ಕೆಂಪು ಕತ್ತರಿ ಹಿಡಿದು ಮೊದಲ ಕಚ್ಚು ಕಚ್ಚಿದಳು. ಗೆರೆಯಿಂದ ಒಂದು ಬೆರಳು ಆಚೆ ಹೋಯಿತು. ಪುಣ್ಯಕ್ಕೆ ಬಿಸಾಡುವ ಭಾಗದ ಕಡೆಗೆ. ಇನ್ನೊಂದು ಕಚ್ಚು ಈ ಕಡೆಗೆ ಬಂದರೆ ಎಲ್ಲ ಮುಗಿಯಿತು. ಅವಳು ತಲೆಯೆತ್ತಿ ತಗಡನ್ನಲ್ಲ, ನನ್ನನ್ನು ನೋಡಿದಳು.

ಆ ಕ್ಷಣ ನನಗೇನು ಹೊಳೆಯಿತೆಂದು ಸ್ಪಷ್ಟವಾಗಿ ಹೇಳಲಾರೆ. ಹಾಲು ನೆನಪಾಯಿತು.

"ಅಮ್ಮಾ," ಎಂದೆ ಯಜಮಾನಿಯವರಿಗೆ, "ಆ ಮೂಲೆಯ ಯಂತ್ರದ ಹಿಡಿ ಸಡಿಲವಾಗಿದೆ. ಒಂದು ಸಲ ನೀವೇ ನೋಡ್ಬೇಕು."

"ಈಗಾ?"

"ಈಗ್ಲೇ. ಬಹಳ ಸಡಿಲ."

ಅವರನ್ನು ಕರೆದೊಯ್ದು ತಗಡಿಗೆ ಬೆನ್ನು ಮಾಡಿ ನಿಂತೆ. ಕಲ್ಲಿನಂತೆ ಬಿಗಿಯಾಗಿದ್ದ ಹಿಡಿಯನ್ನು ಅಲ್ಲಾಡಿಸುತ್ತ, ಅದರ ಸಡಿಲತನದ ಬಗ್ಗೆ ಬಾಯಿಗೆ ಬಂದದ್ದನ್ನು ಹೇಳಿದೆ. ಹಿಂದುಗಡೆ ಹೆಜ್ಜೆಯ ಸಪ್ಪಳ ಮೇಜನ್ನು ಸುತ್ತಿಹೋಯಿತು. ಬೆಂಚಿನ ಕೆಳಗಿನಿಂದ ಏನನ್ನೋ ಎಳೆದ ಶಬ್ದ. ಆಮೇಲೆ ಕರಕ್, ಕರಕ್, ಕರಕ್ ಎಂದು ಕತ್ತರಿ ನಡೆಯತೊಡಗಿತು. ಎಡವಲಿಲ್ಲ, ನಿಲ್ಲಲಿಲ್ಲ, ದಾರಿ ಗೊತ್ತಿರುವವರ ನಡಿಗೆಯಂತೆ.

ಯಜಮಾನಿ ನನ್ನ ಭುಜದ ಮೇಲಿಂದ ನೋಡಿ, "ಮೇಷ್ಟ್ರೇ, ಇವಳು ಎಡಚಿನಾ?" ಎಂದರು.

ತಿರುಗಿದೆ. ಕಾಜಾ ಎಡಮೂಲೆಯಿಂದ ಹೊರಟು ಅರ್ಧ ಕಮಾನು ದಾಟಿದ್ದಳು. ಎಡಗೈಯಲ್ಲಿ ಹಸಿರು ಕತ್ತರಿ. ಅಣ್ಣನ ಅಂಗಡಿಯ ಕತ್ತರಿ ಆ ಕೈಗೆ ಬಾಗಿರಲಿಲ್ಲ. ಇದು ಅವಳಿಗೆಂದೇ ಮಾಡಿಸಿದಂತಿತ್ತು. ನನ್ನ ಕಣ್ಣು ಕಂಡದ್ದೇ ತಡ ಅವಳ ಮುಖ ಬಿಳಿಚಿತು.

"ಮೇಷ್ಟ್ರೇ... ತಪ್ಪಾಯ್ತು, ಬಲಗೈಲೇ..." ಎನ್ನುತ್ತ ಕತ್ತರಿಯನ್ನು ಇನ್ನೊಂದು ಕೈಗೆ ದಾಟಿಸಹೊರಟಳು.

"ಕೈ ಬದಲಾಯಿಸಬೇಡ!" ಎಂದೆ. ಗಟ್ಟಿಯಾಗಿಯೇ ಬಂದಿರಬೇಕು, ಪಂಡಿತ ಬೆಚ್ಚಿದ. "ಗೆರೆ ತಪ್ಪುತ್ತೆ. ಹಾಗೇ ಹೋಗು."

ಹೋದಳು. ತಗಡಿನ ಆ ತುದಿ ಜೋಲುತ್ತಿದ್ದುದರಿಂದ ನಾನು ಹೋಗಿ ಎತ್ತಿ ಹಿಡಿದೆ. "ಸ್ವಲ್ಪ ಮೇಲೆ ಮೇಷ್ಟ್ರೇ," ಎಂದಳು, ಕಣ್ಣೆತ್ತದೆ. ಎತ್ತಿದೆ. "ಸಾಕು." ನಿಲ್ಲಿಸಿದೆ. ಕಮಾನು ಬಲಮೂಲೆಗೆ ಬಂದು ಮುಟ್ಟಿದಾಗ ಕೆಟ್ಟ ಕಚ್ಚು ಕಳಚಿದ ತುಂಡಿನೊಂದಿಗೇ ಕೆಳಗೆ ಬಿತ್ತು.

ಯಜಮಾನಿ ಅಂಚಿನ ಮೇಲೆ ಬೆರಳಾಡಿಸಿ, "ಬೇಕರೀಲಿ ಕೂತ ಮೇಲೆ ಮಾತಾಡೋಣ," ಎಂದರು. ಹೊರಡುವಾಗ ಯಂತ್ರದ ಹಿಡಿಯನ್ನೊಮ್ಮೆ ಅಲ್ಲಾಡಿಸಿ ನೋಡಿ, "ಬಹಳ ಸಡಿಲ," ಎಂದು ನನ್ನ ಕಡೆ ತಿರುಗದೆ ಹೋದರು.

ಜೂನ್ ೧೮, ಮಂಗಳವಾರ

"ಮೊದಲೇ ಯಾಕೆ ಹೇಳ್ಲಿಲ್ಲ ಮಗು?" ಎಂದು ಕೇಳಿದೆ.

"ನೀವು ಅಷ್ಟು ಪ್ರೀತಿಯಿಂದ ಕೊಟ್ರಿ. ನಿಮ್ಮೆದುರಿಗೆ ಎಡಗೈಲಿ ಹಿಡಿದ್ರೆ ಬೇಜಾರಾಗುತ್ತೇನೋ ಅಂತ."

"ಬೊಬ್ಬೆ ಬಂದ್ರೂನಾ?"

"ನಿಮಗೆ ಬೇಜಾರಾದ್ರೆ ವಾಸಿಯಾಗಲ್ಲ ಮೇಷ್ಟ್ರೇ. ಬೊಬ್ಬೆ ಹೋಗುತ್ತೆ."

ತಿರುಗಿ ಪಂಡಿತನನ್ನು ಬೈದೆ, ಅವನಿಗೆ ಎಲ್ಲ ತಿಳಿದಿದ್ದೂ ಬಾಯಿ ಬಿಡಲಿಲ್ಲವೆಂದು. "ನೀವು ಬಾಯಿ ಬಿಡೋಕೆ ಜಾಗ ಎಲ್ಲಿ ಕೊಟ್ರಿ?" ಎಂದ.

ಮನೆಯಲ್ಲಿ, ಕಡೆಗೂ ಅವಳ ಕೈಗೊಪ್ಪುವ ಕತ್ತರಿಯನ್ನು ಆರಿಸಿದೆನೆಂದು ಹೇಳಿದೆ.

"ನೀವಾ?" ಎಂದಳು ನನ್ನವಳು.

"ಆರಿಸಲು ಅವಕಾಶ ಮಾಡಿಕೊಟ್ಟೆ."

"ಹ್ಞಾಂ, ಬೆನ್ನು ತಿರುಗಿಸಿ." ನಗುತ್ತಲೇ ಇದ್ದಳು, ಬಹಳ ಹೊತ್ತು.

ಜೂನ್ ೨೨, ಶನಿವಾರ

ಬೇಕರಿಯಲ್ಲಿ ಹೊಗೆಗೂಡು ಕೂರಿಸಿದೆವು. ಒಳಗೆಲ್ಲ ಹಿಟ್ಟಿನ ಮೂಟೆ, ಸುಣ್ಣದ ಹಸಿವಾಸನೆ. ಅಡ್ಡಿಯಾದದ್ದು ಗೋಡೆ: ಬಲಭಾಗದಲ್ಲಿ ಹೊಟ್ಟೆ ಬಿಟ್ಟಿತ್ತು. ಮುಂಭಾಗದ ಫಲಕ ಅದಕ್ಕೆ ತಗುಲಿ ಕೂರಲೊಲ್ಲದು. ಗೋಡೆಯ ಉಬ್ಬಿಗೆ ಸರಿಯಾಗಿ ಪಕ್ಕದಂಚನ್ನು ಎಳೆಯಷ್ಟು ಕತ್ತರಿಸಬೇಕು, ಅದೂ ಏಣಿಯ ಮೇಲೆ ನಿಂತು. ಯಜಮಾನಿ ಬಾಗಿಲಲ್ಲಿ ನೋಡುತ್ತ ನಿಂತಿದ್ದರು.

ಕಾಜಾ ಏಣಿಯ ಮೇಲಿಂದ ಬಗ್ಗಿ, "ಯಾವ ಕತ್ತರಿ ಮೇಷ್ಟ್ರೇ?" ಎಂದಳು.

ಹೇಳಲು ನನ್ನಲ್ಲಿ ಬೇಕಾದಷ್ಟಿತ್ತು. ಉಬ್ಬಿನ ಬಾಗು, ತಗಡಿನ ದಪ್ಪ, ಬಾಯಿಯ ಉದ್ದ, ಇವುಗಳನ್ನು ಕ್ರಮವಾಗಿ ವಿವರಿಸಬಹುದಿತ್ತು. "ನಿಂಗೆ ಯಾವುದು ಬೇಕು?" ಎಂದೆ.

ಒಂದು ಕ್ಷಣ ಗೋಡೆಗೆ ಕೈಯಿಟ್ಟು ನೋಡಿದಳು. "ಹಳದಿ. ಆಮೇಲೆ ಅರ. ನೀವು ಕೆಳಗಡೆ ಗಟ್ಟಿ ಹಿಡ್ಕೊಳ್ಳಿ, ಅಲ್ಲಾಡಬೇಡಿ."

ಅಲ್ಲಾಡಲಿಲ್ಲ. ತಲೆಯ ಮೇಲೆ ಸುಣ್ಣ ಉದುರಿತು, ತೋಳು ಜೋಮು ಹಿಡಿಯಿತು, ಮೂಗಿನ ತುದಿ ತುರಿಸಿತು. ಪಂಡಿತ ಪಾಪ ತುರಿಸಲು ಬಂದ, ಕಣ್ಣಲ್ಲೇ ಗದರಿಸಿ ಕಳುಹಿಸಿದೆ. ಹಳದಿ ಕತ್ತರಿಗೆ ಅವಳ ಎಡಗೈ ಮೊದಮೊದಲು ಮುನಿಸಿಕೊಂಡಿತು. ಸಾವಕಾಶವಾಗಿ ಒಂದೊಂದೇ ಕಚ್ಚು ತೆಗೆದು, ಅರ ಹಾಕಿ, ಬೆರಳಿಂದ ಸವರಿ, ಮತ್ತೆ ಅರ ಹಾಕಿ, ಕಡೆಗೆ ಅಂಗೈಯಿಂದ ಒಂದು ಸಲ ಒತ್ತಿದಳು. ಫಲಕ ಗೋಡೆಯನ್ನು ತಬ್ಬಿ ಕೂತಿತು. ಸಂದಿನಲ್ಲಿ ಕಾಗದವೂ ತೂರುವಂತಿರಲಿಲ್ಲ. ಪಂಡಿತ ತೂರಿಸಿ ನೋಡಿದ, ಆಗಲಿಲ್ಲ.

ಯಜಮಾನಿ ಒಳಗೆ ಬಂದು ಕಮಾನಿನ ಕೆಳಗೆ ನಿಂತು, ಅದರಲ್ಲಿ ಕಂಡ ತಮ್ಮ ಮುಖಕ್ಕೆ ಮುಂಗುರುಳು ಸರಿಮಾಡಿಕೊಂಡರು. "ಕಿಟಕಿ ಪಕ್ಕದ ಬೆಂಚು ಎಡಗಡೆ ಗೋಡೆಗೆ ಅಂಟಿಕೊಂಡಿದೆ," ಎಂದರು ಏಣಿಯ ಕಡೆ ನೋಡಿ. "ಎಡಗೈಗೆ ಜಾಗ ಬೇಕಲ್ಲ, ಸೋಮವಾರ ಬಂದು ನಿಂಗೆ ಬೇಕಾದ ಹಾಗೆ ತಿರುಗಿಸ್ಕೋ."

ಕಾಜಾ ಏಣಿಯ ಮೇಲೇ ಕೂತುಬಿಟ್ಟಳು. ನನಗೆ ಮತ್ತೆ ನೆಗಡಿ.

ಮೂಗೊರೆಸಿಕೊಳ್ಳುತ್ತಿದ್ದಾಗ ಬೇಕರಿಯವನು ಹತ್ತಿರ ಬಂದು ಗುಟ್ಟಿನ ದನಿಯಲ್ಲಿ, "ಹಿಂದುಗಡೆ ಇನ್ನೊಂದು ಒಲೆ ಇದೆ ಯಜಮಾನ್ರೇ, ಅದಕ್ಕೂ ಇಂಥದ್ದೇ ಆಗ್ಬೇಕು. ನಿಮ್ಮ ಮೇಸ್ತ್ರಿ ಯಾವಾಗ ಬಿಡುವಾಗ್ತಾರೆ?" ಎಂದು ಏಣಿಯ ಕಡೆ ಕಣ್ಣು ತೋರಿಸಿದ.

ನಾನು ತಲೆಯ ಸುಣ್ಣ ಕೊಡವಿಕೊಂಡೆ.

"ಕೇಳಿ ಹೇಳ್ತೀನಿ," ಎಂದೆ.